ಓಗೊಡದ ಅಂಬಿಗ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ನಾಗರ ಪಂಚಮಿಯ ಮರುದಿನ. ಆರನೆಯ ಇಯತ್ತೆ ಅಲ್ಲಿಗೇ ನಿಂತಿತು. ಆಮೇಲೆ ಎಷ್ಟೋ ಊರು ತಿರುಗಿ ಒಂದು ಮಳೆಗಾಲ ಗುಡ್ಡದ ಮಠದಲ್ಲಿ ಉಳಿದೆ. ಅಲ್ಲಿಂದಲೂ ಹೊರಡುವ ಮನಸ್ಸಾದಾಗ ಮಠದ ಅಜ್ಜನವರನ್ನು ಕೇಳಿದೆ:

"ಅಜ್ಜಾ, ಹೋದ ವರ್ಷ ನಮ್ಮ ಮನೆಯ ಬಾಗಿಲಿಗೆ ಹೋಗಿ ಅಪ್ಪನನ್ನು ಕರೆದೆ. ಒಲೆಯ ಹೊಗೆ ಏಳುತ್ತಿತ್ತು, ಒಳಗೆ ಜನ ಇದ್ದರು. ಯಾರೂ ಓಗೊಡಲಿಲ್ಲ. ಅಂಥ ಮನೆಗೆ ಮನುಷ್ಯ ಮತ್ತೆ ಹೋಗಬೇಕೆ?"

ಅಜ್ಜ ಒಂದು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಒಂಟಿ ಜೀವ. ಹೊಳೆಯ ನಡುವೆ ಬಂಡೆಗಳಿದ್ದುದರಿಂದ ಆಚೆ ದಡದವರಿಗೆ ಅವನ ಹರಿಗೋಲು ಕಾಣುತ್ತಿರಲಿಲ್ಲ. ಅವರು ಕೂಗಿ ಕರೆಯುತ್ತಿದ್ದರು. ಇವನು "ಬಂದೇ" ಎಂದು ಓಗೊಡುತ್ತಿದ್ದ. ಆ ಒಂದು ಮಾತು ಕೇಳಿದರೆ ಜನ ಎಷ್ಟು ಹೊತ್ತಾದರೂ ಕಾಯುತ್ತಿದ್ದರು. ಕೇಳದಿದ್ದರೆ ಅಂಬಿಗನಿಲ್ಲವೆಂದು ಸೇತುವೆಯ ದಾರಿ ಹಿಡಿಯುತ್ತಿದ್ದರು. ಸೇತುವೆ ಎರಡು ಹರದಾರಿ ದೂರ. ನಿಂತು ಯೋಚಿಸಿದರೆ ಹೊತ್ತು ಮುಳುಗುತ್ತದೆ.

ಅವನ ಕೊರಳಲ್ಲಿ ಗಂಟು ಬೆಳೆಯಿತು. ಥೈರಾಯ್ಡ್ ಅಂದರು, ಕೊಯ್ದು ತೆಗೆಯಬೇಕು ಅಂದರು. ಡಾಕ್ಟರಮ್ಮ ಮೊದಲೇ ಹೇಳಿದ್ದರು: "ಗಂಟಿನ ಹಿಂದೆಯೇ ನೂಲಿನಂಥ ನರ ಇದೆ. ನಿನ್ನ ದನಿಯನ್ನು ಆಡಿಸುವುದು ಅದೇ. ಜೋಪಾನ ಮಾಡುತ್ತೇನೆ, ಆದರೂ ಒಮ್ಮೊಮ್ಮೆ ಪೆಟ್ಟಾಗುತ್ತದೆ."

"ಹುಟ್ಟು ಹಾಕುವುದು ತೋಳು, ತಾಯೀ. ಗಂಟಲಲ್ಲ" ಎಂದು ಅಂಬಿಗ ಹೆಬ್ಬೆಟ್ಟು ಒತ್ತಿದ.

ಗಾಯ ಮಾಯಿತು, ದನಿ ಬರಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ನೀರು ಕುಡಿದರೆ ಕೆಮ್ಮು. ಒಂದು ಪಕ್ಕದ ದನಿಪಟ್ಟಿ ಆಡುತ್ತಿಲ್ಲ, ನರ ತಾನಾಗಿ ಚೇತರಿಸಿಕೊಳ್ಳಬಹುದು, ಕೆಲವು ತಿಂಗಳು ನೋಡೋಣ ಎಂದರು ಡಾಕ್ಟರಮ್ಮ.

ಅವನು ಹೊಳೆಗೆ ಮರಳಿದ. ಸುತ್ತಲ ಊರಿನವರು ಸುದ್ದಿ ತಿಳಿದು ಕಾಯುತ್ತಿದ್ದರು. ದೂರದಿಂದ ಬಂದವರಿಗೆ ಹೇಳುವವರಾರು? ಅವರ ಕೂಗು ಕೇಳಿ ಹುಟ್ಟು ಹಾಕಿಕೊಂಡು ಹೋದರೆ ದಡ ಖಾಲಿ. ತಗಡು ಬಡಿದು ನೋಡಿದ. ಯಾರೋ ಜೋಳದ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದಾರೆ ಅಂದುಕೊಂಡು ಜನ ನಡೆದುಬಿಟ್ಟರು.

ಒಂದು ಮಧ್ಯಾಹ್ನ ಬಂದ ಕೂಗು ಅವನ ಅಣ್ಣನದು. ಹನ್ನೆರಡು ವರ್ಷದ ಹಿಂದೆ ಮುನಿದು ಹೋದ ಅಣ್ಣ. ಅಂದು ಹೊಳೆ ದಾಟಿಸಿದವನು ಇವನೇ. ದಡ ಮುಟ್ಟುವವರೆಗೆ ಇಬ್ಬರೂ ಬಾಯಿ ಬಿಚ್ಚಿರಲಿಲ್ಲ.

"ತಮ್ಮಾ, ನಾನೋ" ಎಂದು ಅಣ್ಣ ಮೂರು ಸಲ ಕರೆದ. ಅಂಬಿಗ ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದ. ಗಾಳಿಯೇ ಬಂತು. ತೋಳು ಕಿತ್ತು ಬರುವಂತೆ ಹುಟ್ಟು ಹಾಕಿದ.

ದಡದಲ್ಲಿ ವಲಸೆ ಬಂದ ಆಡಿನವಳೊಬ್ಬಳೇ ಇದ್ದಳು. ಇವನು ಅವಳ ಹತ್ತಿರ ಹೋಗಿ ಕೇಳಿದ, "ಇಲ್ಲಿ ನಿಂತು ಕರೆದವನೆಲ್ಲಿ?"

"ಪಿಸುಗುಟ್ಟುವುದು ಯಾಕಪ್ಪಾ? ಇಲ್ಲಿ ಕದ್ದು ಕೇಳುವುದಿದ್ದರೆ ನನ್ನ ಆಡುಗಳೇ ಕೇಳಬೇಕು" ಎಂದು ಅವಳು ನಕ್ಕಳು. "ಹೋದ. ಈಗಿನ್ನೂ ಲಾರಿ ಹತ್ತಿದ. 'ತಮ್ಮನ ಸಿಟ್ಟು ಇನ್ನೂ ಇಳಿದಿಲ್ಲ' ಎಂದು ಗೊಣಗಿಕೊಂಡು ಹೋದ. ನಿನಗೇನಾಗಬೇಕು ಅವನು?"

ಅಂಬಿಗ ಹೇಳಿದ. ಗಾಳಿ ಬೀಸುತ್ತಿತ್ತು, ಅವಳಿಗೆ ಕೇಳಿಸಲಿಲ್ಲ.

ಏಳನೆಯ ತಿಂಗಳು ನರ ಚೇತರಿಸಿಕೊಂಡಿತು. ಒಡಕು ದನಿಯಾದರೂ ದನಿ ಬಂತು. ಕರೆದವರೆಲ್ಲ ಮೊದಲಿನಂತೆ ಕಾದು ನಿಂತರು. ಅಣ್ಣ ಮತ್ತೆ ಕರೆಯಲಿಲ್ಲ.

ಕತೆ ಮುಗಿಯಿತು. ನಾನು ತಂಬಿಗೆಯನ್ನು ಒಳಗಿಟ್ಟು ಕಂಬಳಿ ಸುತ್ತಿದೆ, ಮೇಲೆ ಹಗ್ಗ ಬಿಗಿದೆ.

"ನಮ್ಮಪ್ಪನ ಗಂಟಲಿಗೆ ಏನೂ ಆಗಿಲ್ಲ, ಅಜ್ಜಾ" ಅಂದೆ.

ಅಜ್ಜ ಕೇಳಿದರು, "ಕರೆದ ಮೇಲೆ ನೀನು ಎಷ್ಟು ಹೊತ್ತು ನಿಂತಿದ್ದೆ?"