ಆರು ಹಾಳೆ ಅಭ್ರಕ

"ಕೇಳಿರಪ್ಪಾ ಕೇಳಿ! ರಾಜಕುಮಾರಿ ರೋಚನಾದೇವಿಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈಹಿಡಿಯುವ ಭಾಗ್ಯ, ಜೊತೆಗೆ ಕೇಳಿದ್ದೊಂದು ವರ. ತಪ್ಪಿದವನಿಗೆ ಕತ್ತಲೆಕೋಣೆ, ಅಮಾವಾಸ್ಯೆಯ ಮರುದಿನ ಗಲ್ಲು!"

ತಾರಾಪುರದ ಈ ಡಂಗುರಕ್ಕೆ ಮರುಳಾಗುವವರಿಗೇನು ಬರವೇ? ಕೋಟೆಯ ದೀಪ ಹಚ್ಚುವ ಬೊಮ್ಮನ ಅಣ್ಣ ದೇಸಣ್ಣನೂ ಹೋದ, ಮೂರನೆಯದರಲ್ಲಿ ತಪ್ಪಿದ, ಕೋಣೆ ಸೇರಿದ. ಅಮಾವಾಸ್ಯೆಯ ಮುಸ್ಸಂಜೆ ಬೊಮ್ಮ ಎಣ್ಣೆಗೈಯಲ್ಲೇ ಒಗಟು ಬಿಡಿಸಲು ಅರಮನೆಯ ಮಾಳಿಗೆ ಹತ್ತಿದ. ಅಣ್ಣನಿಲ್ಲದ ಮನೆಗೆ ಮರಳುವ ಮನಸ್ಸು ಅವನಿಗಿರಲಿಲ್ಲ.

ಅಲ್ಲಿ ಇಬ್ಬರು ರಾಜಪುತ್ರರು ಮೊದಲೇ ಮೀಸೆ ತಿರುವುತ್ತ ನಿಂತಿದ್ದರು. ರೋಚನಾ ಕೇಳಿದಳು: "ಒಂದು ಊರಲ್ಲಿ ಒಂದನೆಯವರು ಝಗಝಗ, ಆರನೆಯವರು ಕಂಡೂ ಕಾಣದಷ್ಟು ಮಂಕು. ಯಾರವರು? ಎಣಿಕೆ ಏರಿದಂತೆ ಬೆಳಕು ಇಳಿಯುವುದೇಕೆ?"

"ಆರು ಗಂಡುಮಕ್ಕಳ ಮನೆ! ಹಿರಿಯನಿಗೇ ಪಾಲು ಜಾಸ್ತಿ," ಎಂದ ಮೊದಲನೆಯವನು. ಭಟರು ಅವನನ್ನು ಎಳೆದೊಯ್ದರು.

"ನಕ್ಷತ್ರಗಳು ತಾಯೀ," ಎಂದ ಬೊಮ್ಮ. "ದೀಪ ಹಚ್ಚುವಾಗ ದಿನಾ ನೋಡ್ತೀನಿ. ಹೊತ್ತು ಮುಳುಗ್ತಿದ್ದಂಗೆ ಕಾಣೋವು ಒಂದನೇ ದರ್ಜೆ, ಪೂರಾ ಕತ್ತಲಾದ ಮೇಲೆ ಕಾಣೋವು ಆರನೇದು. ಎಣಿಸೋದು ಬೆಳಕನ್ನಲ್ಲ, ಬಂದ ಸರದೀನ."

"ಮುಟ್ಟದೆ ನಕ್ಷತ್ರದ ಬೆಳಕನ್ನು ಅಳೆಯುವುದು ಹೇಗೆ?" ರೋಚನಾ ಎರಡನೆಯದನ್ನು ಕೇಳಿದಳು.

"ಕಣ್ಣಳತೆಯಲ್ಲಿ!" ಎಂದ ಎರಡನೆಯವನು.

"ನಿನ್ನ ಕಣ್ಣೋ, ನಿನ್ನಜ್ಜನ ಕಣ್ಣೋ?" ಎಂದಳು ರೋಚನಾ. ಅವನೂ ಹೋದ.

ಬೊಮ್ಮ ಸೊಂಟದಿಂದ ಲಾಂದ್ರಕ್ಕೆ ಗಾಜಿನಂತೆ ಹಾಕುವ ಅಭ್ರಕದ ಹಾಳೆಗಳನ್ನು ತೆಗೆದ. ಎಲ್ಲವೂ ಒಂದೇ ಸಮ ಹೊಗೆ ಹಿಡಿದಿದ್ದವು. ಒಂದೊಂದೇ ಸೇರಿಸುತ್ತ ಕಣ್ಣಿಗೆ ಅಡ್ಡ ಹಿಡಿದ. "ಪಡುವಣದ ಚುಕ್ಕಿ ಆರು ಹಾಳೆಗೆ ಮರೆಯಾಯ್ತು, ಅದರ ಪಕ್ಕದ್ದು ಮೂರಕ್ಕೇ. ಕಣ್ಣು ಅದೇ, ಹಾಳೆ ಅದೇ. ಇದೇ ಅಳತೆ."

"ಹಾಗಾದರೆ ಅವೆರಡರಲ್ಲಿ ದೊಡ್ಡ ದೀಪ ಯಾವುದು?" ಇದು ರೋಚನಾಳ ಮೂರನೆಯ ಒಗಟು.

ದೇಸಣ್ಣ ಮುಗ್ಗರಿಸಿದ್ದು ಇಲ್ಲೇ. ಆರು ಹಾಳೆಯದ್ದೇ ಎನ್ನಲು ಬೊಮ್ಮನ ನಾಲಗೆಯೂ ತುದಿಗಾಲಲ್ಲಿತ್ತು. ಅಷ್ಟರಲ್ಲಿ ಕೆಳಗೆ ಬಾಗಿಲಲ್ಲಿ ತಾನೇ ಹಚ್ಚಿದ ಪುಟ್ಟ ಹಣತೆ ಕಂಡಿತು. ಆಚೆ ದೂರದ ಗುಡ್ಡದ ಮೇಲೆ ಕಾವಲಿನವರ ದೊಡ್ಡ ಬೆಂಕಿ, ಹಣತೆಗಿಂತ ಮಂಕಾಗಿ.

"ಗೊತ್ತಿಲ್ಲ ತಾಯೀ."

ಭಟರು ಹೆಜ್ಜೆ ಮುಂದಿಟ್ಟರು.

"ಎಷ್ಟು ದೂರ ಅಂತ ತಿಳಿಯೋ ತನಕ ಯಾರಿಗೂ ಗೊತ್ತಾಗಲ್ಲ," ಎಂದು ಬೊಮ್ಮ ಗುಡ್ಡ ತೋರಿಸಿದ. "ಹತ್ತಿರದ ಹಣತೆ ದೂರದ ಬೆಂಕೀನ ಮೀರಿಸ್ತದೆ."

ರೋಚನಾ ಎದ್ದೇ ನಿಂತಳು. "ಗೊತ್ತಿಲ್ಲ ಎನ್ನುವ ಧೈರ್ಯ ಇಷ್ಟು ದಿನ ಯಾರಿಗೂ ಬರಲಿಲ್ಲ. ವರ ಕೇಳು."

"ಒಳಗಿರೋರನ್ನೆಲ್ಲ ಬಿಡಿ. ನನ್ನ ಅಣ್ಣನೂ ಅಲ್ಲೇ ಇದಾನೆ."

ಗಲ್ಲಿಗೇರಿಸಬೇಕಿದ್ದ ಬೆಳಗ್ಗೆ ಕೋಣೆಯ ಬಾಗಿಲು ತೆರೆಯಿತು. ಬಿಸಿಲು ತಾಳಲಾರದೆ ದೇಸಣ್ಣ ಮುಖ ಮುಚ್ಚಿಕೊಂಡ. ಬೊಮ್ಮ ಆರೂ ಹಾಳೆಗಳನ್ನು ಅಣ್ಣನ ಕಣ್ಣಿಗೆ ಅಡ್ಡ ಹಿಡಿದು ಒಂದೊಂದಾಗಿ ತೆಗೆಯತೊಡಗಿದ. ಪಕ್ಕದಲ್ಲಿ ನಿಂತು ರೋಚನಾ ಎಣಿಸಿದಳು: ಆರು, ಐದು, ನಾಲ್ಕು, ಮೂರು, ಎರಡು...

"ಒಂದು," ಎಂದ ದೇಸಣ್ಣ, ತಮ್ಮನ ಮುಖ ನೋಡುತ್ತ.