ಅಜ್ಜಿ ಹತ್ತಬೇಕಾದ ಗಾಡಿ

ಶೋರೂಮಿನ ಅಂಗಳದಲ್ಲಿ, ನೋಡಿ, ಒಂದು ಕುಟುಂಬವನ್ನು ವರ್ಷಗಟ್ಟಲೆ ಹೊತ್ತು ದಣಿದ, ತಗ್ಗಾಗಿ ಉದ್ದಕ್ಕಿದ್ದ ಎಸ್ಟೇಟ್ ಕಾರಿನ ಪಕ್ಕ ಹೊಸ, ಎತ್ತರದ ಪೆಟ್ರೋಲ್ ಎಸ್‌ಯುವಿ ನಿಂತಿತ್ತು. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ಮಾತುಕತೆ ನಡೆದಿತ್ತು.

"ಏನು ತಾತ, ನೆಲಕ್ಕೇ ಅಂಟಿಕೊಂಡಿದ್ದೀಯಲ್ಲ. ನಾನು ಬೆಟ್ಟವನ್ನೇ ಹತ್ತಬಲ್ಲೆ," ಎಂದಿತು ಎಸ್‌ಯುವಿ.

"ಹತ್ತುವೆಯಂತೆ ಮಗು. ಮೊದಲು ನಮ್ಮ ಯಮುನಜ್ಜಿ ನಿನ್ನನ್ನು ಹತ್ತಲಿ," ಎಂದಿತು ಹಳೆಯ ಕಾರು.

ಅಜ್ಜಿ ಮಗನ ಜೊತೆ ಬಂದು, ಸೀರೆಯ ನೆರಿಗೆ ಹಿಡಿದು ಕಾಲೆತ್ತಿದರು. ಮತ್ತೆ ಎತ್ತಿದರು. ಆಗಲಿಲ್ಲ. "ಇದು ಬೇಡ ಕಣೋ," ಎಂದು ಮಗನಿಗೆ ಹೇಳಿ ತಿರುಗಿಯೇಬಿಟ್ಟರು. ಎಸ್‌ಯುವಿಯ ಜಂಬ ಇಳಿದುಹೋಯಿತು.

ಮಗ ಓಡಿಹೋಗಿ, ಹಳೆಯ ಕಾರಿನ ಡಿಕ್ಕಿಯಲ್ಲಿದ್ದ ಪಿಕ್‌ನಿಕ್ಕಿಗೆ ಒಯ್ಯುತ್ತಿದ್ದ ಕಾಲುಮಣೆಯನ್ನು ತಂದು ಎಸ್‌ಯುವಿಯ ಬಾಗಿಲ ಕೆಳಗಿಟ್ಟ. ಅಜ್ಜಿ ಅದರ ಮೇಲೆ ಕಾಲಿಟ್ಟು ಸಲೀಸಾಗಿ ಹತ್ತಿ ಕೂತರು.

"ಮಣೆಯಣ್ಣ, ನೀನೂ ನನ್ನ ಜೊತೆಗೇ ಬಂದುಬಿಡು," ಎಂದು ಎಸ್‌ಯುವಿ ಪಿಸುಗುಟ್ಟಿತು.

"ಬರುತ್ತೇನಪ್ಪ," ಎಂದಿತು ಮಣೆ, "ಆದರೆ ಎಲ್ಲೇ ನಿಂತರೂ ಅಜ್ಜಿಗಿಂತ ಮೊದಲು ಇಳಿಯುವವನು ನಾನು."