ಅಡಿವೆಪ್ಪ ಚೀಟಿ ಕಟ್ಟಿದ್ದು

ಅವತ್ತು ಮಂಗಳವಾರ. ಹುಬ್ಬಳ್ಳಿ ಹತ್ತಿರದ ಪಂಪಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಂದಿನಂತೆ ಉಪ್ಪಿಟ್ಟು. ಎಂದಿನಂತೆ ಆಫೀಸಿನ ಕಂಪ್ಯೂಟರು ಹೊಸ ಅಳತೆ ಕಳಿಸಿತು, ಶೆಡ್ಡಿನ ಕಂಪ್ಯೂಟರಿಗೆ ಅದು ಮುಟ್ಟಲೇ ಇಲ್ಲ. ನಲವತ್ತು ಪಂಪು ತಪ್ಪು ಅಳತೆಗೆ ತಯಾರಾದವು. ಕ್ಯಾಂಟೀನಿನಲ್ಲೇ ಕೂತಿದ್ದ ಮಾಲೀಕ ಸಾವ್ಕಾರರು ಎದ್ದು ನಿಂತು, "ಸಾಕು! ಹಳೇ ಲೈನ್ ತೆಗೀರಿ, ಹೊಸಾದು ಎಳೀರಿ!" ಅಂದರು.

ಅಡುಗೆಯ ಚೆನ್ನವ್ವ ಕೈ ಮುಗಿದಳು. "ಸಾವ್ಕಾರ್ರ, ಬರೂ ತಿಂಗಳಿಗೆ ನಾ ರಿಟೈರು. ನನ್ನ ಮಗನ್ನ ಈ ಕೆಲಸಕ್ಕ ಹಚ್ರಿ."

ಮಗ ಅಡಿವೆಪ್ಪನಿಗೆ ಮೂವತ್ತು ದಾಟಿತ್ತು. ಹೇಳಿದಷ್ಟನ್ನು ಹೇಳಿದ ಹಾಗೇ ಮಾಡುವವ.

"ಒಂದು ತಿಂಗಳು ನೋಡೂಣು. ನೆಟ್ಟಗ ಮಾಡಿದ್ರ ಕಾಯಂ. ಇಲ್ಲಂದ್ರ ಮನಿ!" ಅಂದರು ಸಾವ್ಕಾರರು.

ಇಂಜಿನಿಯರ್ ಮೇಡಂ ಹೇಳಿದರು: "ಹಳೇ ವೈರೆಲ್ಲಾ ಕಿತ್ತು ಹಾಕು."

ಕಿತ್ತ. ಕಂಪ್ಯೂಟರಿನದು ಕಿತ್ತ, ಫ್ಯಾನಿನದು ಕಿತ್ತ, ಊಟದ ಗಂಟೆಯದೂ ಕಿತ್ತ. ಗಂಟೆ ಮೊಳಗಲಿಲ್ಲ, ಇನ್ನೂರು ಮಂದಿ ಊಟಕ್ಕೆ ಬರಲಿಲ್ಲ, ಸಾರು ಆರಿತು.

ಚೆನ್ನವ್ವ ಓಡಿ ಬಂದಳು. "ಏನೋ ಇದು!"

"ಅದೂ ಹಳೇದಽ ಇತ್ತು ಯವ್ವಾ!"

"ಮುಟ್ಟೂ ಮುಂಚೆ ಇದು ಯಾರದು ಅಂತ ಎಲ್ಲಾರನ್ನೂ ಕೇಳಬೇಕೋ ಪೆದ್ದಾ!"

"ಹೂಂ ಯವ್ವಾ."

ಮರುದಿನ ವೈರು ಎಳೆಯುತ್ತಿದ್ದ ಈರಭದ್ರನ ಏಣಿ ಜಾರಿತು. ಅವನು ತೊಲೆಗೆ ಜೋತುಬಿದ್ದು, "ಏಣಿ ತಾರೋ!" ಅಂತ ಕೂಗಿದ. ಗೋಡೆಗೆ ಒರಗಿಸಿದ ಇನ್ನೊಂದು ಏಣಿ ಇತ್ತು. "ಇದು ಯಾರದು?" ಅಂತ ಅಡಿವೆಪ್ಪ ಲೇತಿನವರನ್ನು ಕೇಳಿದ, ಬಣ್ಣದವರನ್ನು ಕೇಳಿದ, ಗೇಟಿನವನನ್ನು ಕೇಳಿದ. ಇನ್ನೂರು ಮಂದಿಯನ್ನು ಕೇಳಿ ಬರುವಷ್ಟರಲ್ಲಿ ಈರಭದ್ರ ಚಿಂದಿ ಬಟ್ಟೆಯ ರಾಶಿಗೆ ಬಿದ್ದಾಗಿತ್ತು.

"ಅಯ್ಯಯ್ಯೋ! ಸಿಕ್ಕ ಕೂಡ್ಲೆ ಗಟ್ಟಿ ಹಿಡೀಬೇಕೋ! ಹಿಡಿದದ್ದನ್ನ ಬಿಡಬಾರದು!"

"ಹೂಂ ಯವ್ವಾ."

ಎಲ್ಲ ವೈರೂ ಬಂದು ಕೂಡುವ ಹೊಸ ಪೆಟ್ಟಿಗೆ ಬಂತು. "ಇದನ್ನ ಹಿಡಿ," ಅಂದರು ಮೇಡಂ. ಹಿಡಿದ. ಊಟದಲ್ಲೂ ಹಿಡಿದ. ಸಂಜೆ ಬಸ್ಸಿನಲ್ಲೂ ಹಿಡಿದ. ಬೆಳಗ್ಗೆ ಮೇಡಂ ಬರೀ ಗೋಡೆ ನೋಡುತ್ತ ನಿಂತಿದ್ದರು.

"ಪೆಟ್ಟಿಗಿ ಎಲ್ಲೋ?"

"ಇಲ್ಲೈತ್ರೀ. ಬಿಟ್ಟೇ ಇಲ್ಲ!"

ಚೆನ್ನವ್ವ ಹಣೆ ಬಡಿದುಕೊಂಡಳು. ಮೇಡಂ ಅಂದರು: "ಏನೂ ಹಿಡಕೊಂಡು ಕೂಡಬ್ಯಾಡೋ ಮಾರಾಯಾ! ವೈರಿನ ಎರಡೂ ತುದಿಗೆ ಚೀಟಿ ಕಟ್ಟು. ನಂಬರು, ಎಲ್ಲಿಂದ, ಎಲ್ಲಿಗೆ. ಪಟ್ಟಿಯೊಳಗ ಬರಿ. ಬರದು ಅಲ್ಲೇ ಬಿಟ್ಟು ಬಾ!"

ಕಟ್ಟಿದ. ಬರೆದ. ಬಿಟ್ಟು ಬಂದ. ಮುನ್ನೂರ ಹನ್ನೊಂದು ವೈರು, ಒಂದೂ ತಪ್ಪಲಿಲ್ಲ. ಆಫೀಸಿನ ಅಳತೆ ಕಣ್ಣು ಮಿಟುಕಿಸುವಷ್ಟರಲ್ಲಿ ಶೆಡ್ಡಿಗೆ ಮುಟ್ಟಿತು.

"ಕಾಯಂ!" ಅಂದರು ಸಾವ್ಕಾರರು.

ತಿಂಗಳ ಕೊನೆಗೆ ಚೆನ್ನವ್ವನಿಗೆ ಹಾರ ಹಾಕಿದರು. "ಅಡಿವೆಪ್ಪಾ, ಅವ್ವನ್ನ ಮನಿ ಮುಟ್ಟಿಸು," ಅಂದರು ಮೇಡಂ.

ಅವನು ಅವ್ವನನ್ನು ಗೇಟಿನ ಬಳಿ ಕೂಡಿಸಿ ಮುಂಗೈಗೆ ಚೀಟಿ ಕಟ್ಟಿದ. ಬಸ್ಸು ಹತ್ತಿ ಮನೆಗೆ ಹೋಗಿ ಬಾಗಿಲಿಗೆ ಇನ್ನೊಂದು ಕಟ್ಟಿದ. ವಾಪಸ್ ಬಂದು ಪಟ್ಟಿಯಲ್ಲಿ ಬರೆದ. ಕೆಲಸಕ್ಕೆ ಹತ್ತಿದ.

ಸಂಜೆ ಗೇಟಿನವನು ಕೇಳಿದ: "ಯಾಕಬೇ ಯವ್ವಾ, ಇನ್ನೂ ಇಲ್ಲೇ ಕುಂತಿ?"

ಚೆನ್ನವ್ವ ಹಾರ ಹಾಕಿಕೊಂಡೇ ಮುಂಗೈ ತೋರಿಸಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು. "ನನ್ನ ಮಗ ಎರಡೂ ತುದಿ ಕಟ್ಟಿ ಮುಗಿಸ್ಯಾನಪಾ. ನಾ ಕರೆಂಟಿನಂಗ ಹರದು ಮನಿ ಮುಟ್ಟೂದೊಂದು ಬಾಕಿ!"

ಪೆಟ್ಟಿಗೆಯ ಕೋಣೆಯಲ್ಲಿ ಆ ಪಟ್ಟಿ ಈಗಲೂ ಇದೆ. ವೈರು ಮುನ್ನೂರ ಹನ್ನೊಂದು, ಸಾಲು ಮುನ್ನೂರ ಹನ್ನೆರಡು.